ದಿನಕ್ಕೆ ಎಂಟು ಪುಟ

“ಹಾಡುತ್ತ ಹಾಡುತ್ತ ರಾಗ” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ರಾಗಕ್ಕೆ ಹೇಗೋ ಹಾಗೆಯೇ ನೇಯ್ಗೆಗೆ, ಈಜಿಗೆ, ಅಡಿಗೆಗೆ ಈ ಮಾತು ಸಲ್ಲುವುದೆಂದು ಎಲ್ಲರೂ ಒಪ್ಪುವರು. ಆದರೆ ಓದಿನ ವಿಷಯ ಬಂದಾಗ ಜನ ಬೇರೆ ರೀತಿಯಲ್ಲಿ ಯೋಚಿಸುವುದುಂಟು. ಬಾಲ್ಯದಲ್ಲಿ ಒಮ್ಮೆ ಅಕ್ಷರ ಕಲಿತರೆ ಓದು ಬಂದಂತೆಯೇ. ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ಅದು ಬೇಕಾದಾಗ ಕೈಗೆ ಸಿಕ್ಕುವುದು ಎಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆ ಸರಿಯಲ್ಲ. ಓದು ಒಡವೆಯಲ್ಲ, ಕಸುಬು. ದಿನವೂ ಕೈಯಾಡಿಸದ ಕಸುಬು ಮೊಂಡಾಗುವಂತೆ, ದಿನವೂ ನಡೆಯದ ಓದು ಕೂಡ ಮೊಂಡಾಗುವುದು.

2011ರ ಜನಗಣತಿಯ ಪ್ರಕಾರ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸಾಕ್ಷರರು ಶೇಕಡ 77.93. ಏಳು ವರ್ಷ ತುಂಬಿದವರಲ್ಲಿ ಯಾವುದಾದರೊಂದು ಭಾಷೆಯನ್ನು ಅರ್ಥವರಿತು ಓದಿ ಬರೆಯಬಲ್ಲವರನ್ನು ಜನಗಣತಿ ಸಾಕ್ಷರರೆಂದು ಎಣಿಸುತ್ತದೆ. ನೂರರಲ್ಲಿ ಎಪ್ಪತ್ತೆಂಟು ಮಂದಿ ಓದಬಲ್ಲರು ಎಂಬುದು ಸಂತೋಷದ ಸಂಗತಿಯೇ. ಆದರೆ ಓದಬಲ್ಲವರೆಲ್ಲ ಓದುವವರಲ್ಲ. ಬಸ್ಸಿನ ಹಲಗೆ, ಅಂಗಡಿಯ ಫಲಕ, ಮದುವೆಯ ಕರೆಯೋಲೆ, ಇವುಗಳಾಚೆಗೆ ವರ್ಷಕ್ಕೊಂದು ಪುಸ್ತಕವನ್ನೂ ತೆರೆಯದವರು ನಮ್ಮ ನೆರೆಹೊರೆಯಲ್ಲಿ ಎಷ್ಟೋ ಮಂದಿ ಇದ್ದಾರೆ.

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದರ ಪರಿಣಾಮ ವರ್ಷವರ್ಷವೂ ಕಣ್ಣಿಗೆ ಬೀಳುತ್ತದೆ. ಮಗ್ಗದ ಮನೆಗಳಿಂದಲೂ ದ್ರಾಕ್ಷಿಯ ತೋಟಗಳಿಂದಲೂ ಬರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಅನಂತರ ಇಂಗ್ಲಿಷಿನ ದಪ್ಪ ಪುಸ್ತಕಗಳ ಎದುರು ಕೂರಬೇಕಾದವರು. ಒಂದು ಲೆಕ್ಕವನ್ನು ಬಾಯಿಮಾತಿನಲ್ಲಿ ವಿವರಿಸಿದರೆ ಇವರು ಥಟ್ಟನೆ ಬಿಡಿಸುವರು. ಅದೇ ಲೆಕ್ಕವನ್ನು ಅಚ್ಚಿನಲ್ಲಿ ಕೊಟ್ಟರೆ ಎರಡು ಸಲ ಓದಿಯೂ ಏನು ಕೇಳಿದೆಯೆಂದು ಹೇಳಲಾರರು. ಇದು ಬುದ್ಧಿಯ ಕೊರತೆಯಲ್ಲ, ಭಾಷೆಯ ತೊಡಕೊಂದೇ ಅಲ್ಲ. ಕನ್ನಡದ ನಾಲ್ಕು ಪುಟಗಳನ್ನು ಒಂದೇ ಪಟ್ಟಿನಲ್ಲಿ ಓದುವ ರೂಢಿ ಇಲ್ಲದಿರುವುದೂ ಒಂದು ಮುಖ್ಯ ಕಾರಣ. ಆ ರೂಢಿಯುಳ್ಳವರು ಇಂಗ್ಲಿಷಿನ ಹೊಸ್ತಿಲನ್ನೂ ಕೆಲವು ತಿಂಗಳಲ್ಲಿ ದಾಟಿಬಿಡುವರು. ಆದ್ದರಿಂದ ನಿತ್ಯದ ಓದು ಬಿಡುವಿದ್ದವರ ವಿನೋದ ಮಾತ್ರವಲ್ಲ; ಅನೇಕರ ಪಾಲಿಗೆ ಅದು ಜೀವನದ ದಾರಿಯನ್ನೇ ನಿರ್ಣಯಿಸುವ ಸಂಗತಿ.

ಈ ರೂಢಿ ಹೇಗೆ ಹುಟ್ಟುತ್ತದೆ, ಅದನ್ನು ಬೆಳೆಸುವ ಬಗೆ ಯಾವುದು ಎಂಬುದನ್ನು ವಿಜ್ಞಾನದ ಬೆಳಕಿನಲ್ಲಿ ಇಲ್ಲಿ ನೋಡೋಣ.

ಕಣ್ಣಿನ ನೆಗೆತ

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನೀರು ಹರಿದಂತೆ ಸರಾಗವಾಗಿ ಹರಿಯುವುದೆಂದು ತೋರುತ್ತದೆ. ವಾಸ್ತವ ಹಾಗಿಲ್ಲ. ಕಣ್ಣು ಕಪ್ಪೆಯಂತೆ ನೆಗೆಯುತ್ತದೆ, ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ಈ ನೆಗೆತಗಳನ್ನು 1870ರ ದಶಕದ ಕೊನೆಯಲ್ಲಿ ಜಗತ್ತಿನ ಗಮನಕ್ಕೆ ತಂದವನು ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್. ಒಂದೊಂದು ನಿಲುಗಡೆಯೂ ಸುಮಾರು ಕಾಲು ಸೆಕೆಂಡಿನಷ್ಟು. ನಡುವಣ ನೆಗೆತಕ್ಕೆ ಅದರ ಹತ್ತನೆಯ ಒಂದು ಪಾಲಿನಷ್ಟು ಕಾಲ ಸಾಕು. ನೆಗೆಯುವಾಗ ಕಣ್ಣು ಏನನ್ನೂ ಓದುವುದಿಲ್ಲ. ಓದೆಲ್ಲ ನಡೆಯುವುದು ನಿಂತಾಗಲೇ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನೂ ಬಲಗಣ್ಣನ್ನೂ ಒಂದಾದಮೇಲೊಂದರಂತೆ ದಿಟ್ಟಿಸಿ ನೋಡಿ. ನಿಮ್ಮ ಕಣ್ಣುಗುಡ್ಡೆ ಹೊರಳುವುದು ನಿಮಗೆ ಎಂದಿಗೂ ಕಾಣದು; ಪಕ್ಕದಲ್ಲಿ ನಿಂತವರಿಗೆ ಮಾತ್ರ ಸ್ಪಷ್ಟವಾಗಿ ಕಾಣುವುದು.

ನಿಂತಾಗಲಾದರೂ ಕಣ್ಣಿಗೆ ಎಷ್ಟು ಕಾಣುತ್ತದೆ? ಅಕ್ಷಿಪಟಲದ ನಟ್ಟನಡುವಿನ ಒಂದು ಸಣ್ಣ ಕುಳಿಯಲ್ಲಿ ಬಿದ್ದ ಬಿಂಬ ಮಾತ್ರ ಅಕ್ಷರ ಓದುವಷ್ಟು ನಿಚ್ಚಳವಾಗಿರುತ್ತದೆ. ಆ ಕುಳಿಯ ನೋಟದ ಅಗಲ ಸುಮಾರು 2 ಡಿಗ್ರಿ. ಪುಸ್ತಕ ಕಣ್ಣಿನಿಂದ 35 ಸೆಂಟಿಮೀಟರ್ ದೂರದಲ್ಲಿದ್ದರೆ, ಇದು ಹಾಳೆಯ ಮೇಲೆ 12 ಮಿಲಿಮೀಟರ್ ಅಗಲದ ಒಂದು ಚಿಕ್ಕ ಬಿಲ್ಲೆಗೆ ಸಮನಾಗುವುದು. ಸಾಮಾನ್ಯ ಅಚ್ಚಿನಲ್ಲಿ ಅಷ್ಟು ಜಾಗದಲ್ಲಿ ನಾಲ್ಕೈದು ಕನ್ನಡ ಅಕ್ಷರಗಳು ಹಿಡಿಸುವುವು. ಮಹಾಕಾವ್ಯವನ್ನು ಓದುವವನೂ ಹೀಗೆ ಬಿಲ್ಲೆ ಬಿಲ್ಲೆಯಾಗಿಯೇ ಓದಬೇಕು.

ಹಾಗಿದ್ದ ಮೇಲೆ ನುರಿತವನಿಗೂ ಹೊಸಬನಿಗೂ ವ್ಯತ್ಯಾಸವೆಲ್ಲಿ? ವ್ಯತ್ಯಾಸವಿರುವುದು ಕಣ್ಣಿಗಿಂತ ಹೆಚ್ಚಾಗಿ ಮಿದುಳಿನಲ್ಲಿ. ಹೊಸಬನು ಕಾಗುಣಿತವನ್ನೂ ಅಡಿಯ ಒತ್ತಕ್ಷರವನ್ನೂ ಬಿಡಿಬಿಡಿಯಾಗಿ ಗುರುತಿಸಿ, ಕೂಡಿಸಿ, ಪದವನ್ನು ಕಟ್ಟಿಕೊಳ್ಳಬೇಕು. ನುರಿತವನಿಗೆ ಪದದ ಆಕಾರವೇ ಪರಿಚಿತ ಮುಖದಂತೆ ಕಂಡುಬಿಡುವುದು. ಹೊಸಬನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು, ಮೇಲಿಂದ ಮೇಲೆ ಹಿಂದಕ್ಕೆ ಹೊರಳುವುದು. ನಮ್ಮ ಭಾಷೆಯಲ್ಲಿ ಇನ್ನೊಂದು ವಿಶೇಷವುಂಟು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದು ಬರುವ ತನಕ ಯಾರು, ಯಾರಿಗೆ, ಯಾವುದನ್ನು, ಎಲ್ಲಿ ಎಂಬ ಪದಗಳನ್ನೆಲ್ಲ ಮನಸ್ಸು ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಅಕ್ಷರ ಕೂಡಿಸುವುದರಲ್ಲಿಯೇ ಮನಸ್ಸಿನ ಶಕ್ತಿಯೆಲ್ಲ ವ್ಯಯವಾದರೆ, ಕೊನೆಯ ಪದ ಮುಟ್ಟುವಷ್ಟರಲ್ಲಿ ಮೊದಲ ಪದ ಜಾರಿಹೋಗಿರುತ್ತದೆ. ಓದಿದ್ದು ಅರ್ಥವಾಗದು, ಅರ್ಥವಾಗದ್ದು ಬೇಸರ ತರುವುದು, ಬೇಸರ ಪುಸ್ತಕವನ್ನು ಮುಚ್ಚಿಸುವುದು. “ನನಗೆ ಓದಿನಲ್ಲಿ ಆಸಕ್ತಿಯಿಲ್ಲ” ಎನ್ನುವವರಲ್ಲಿ ಅನೇಕರ ನಿಜವಾದ ತೊಂದರೆ ಇದು. ಇದಕ್ಕೆ ಮದ್ದು ಇನ್ನಷ್ಟು ಓದುವುದೇ ಹೊರತು ಬೇರೆ ಇಲ್ಲ.

ರೂಢಿ ಎಷ್ಟು ದಿನದಲ್ಲಿ ಬೇರೂರುತ್ತದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಅಭ್ಯಾಸಬಲಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮತ್ತೆ ಮತ್ತೆ ಮಾಡಿದ ಕೆಲಸವು ನರಮಂಡಲದಲ್ಲಿ ತನ್ನದೇ ಆದ ಜಾಡನ್ನು ಕೊರೆದುಕೊಳ್ಳುತ್ತದೆ, ಕ್ರಮೇಣ ಇಚ್ಛಾಶಕ್ತಿಯ ನೆರವಿಲ್ಲದೆ ನಡೆಯತೊಡಗುತ್ತದೆ ಎಂಬುದು ಅವನ ವಾದದ ಸಾರ. ಹೊಲದ ನಡುವೆ ಜನ ನಡೆದು ನಡೆದು ಕಾಲುದಾರಿ ಮೂಡುವುದಿಲ್ಲವೆ, ಹಾಗೆ. ಮಿದುಳಿನ ಆಳದಲ್ಲಿರುವ ಕೆಲವು ನರಕೋಶಗಳ ಗುಂಪುಗಳು ಈ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸುತ್ತವೆಂದು ಇಂದು ತಿಳಿದುಬಂದಿದೆ.

ಆದರೆ ಜಾಡು ಮೂಡಲು ಎಷ್ಟು ದಿನ ಬೇಕು? ಈ ಪ್ರಶ್ನೆಯನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಅಳೆದು ನೋಡಿದರು; ಫಲಿತಾಂಶ 2010ರಲ್ಲಿ ಪ್ರಕಟವಾಯಿತು. 96 ಮಂದಿ ಸ್ವಯಂಸೇವಕರು ತಮಗೆ ಬೇಕಾದ ಒಂದೊಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ದಿನದ ಒಂದು ನಿರ್ದಿಷ್ಟ ಸಂದರ್ಭದಲ್ಲಿ, ಉದಾಹರಣೆಗೆ ತಿಂಡಿಯಾದ ಕೂಡಲೇ, ಹನ್ನೆರಡು ವಾರ ಅದನ್ನು ಮಾಡುತ್ತ ಬಂದರು. ಕೆಲಸ ಎಷ್ಟರ ಮಟ್ಟಿಗೆ ತಾನಾಗಿ ನಡೆಯುತ್ತಿದೆ ಎಂಬುದನ್ನು ದಿನವೂ ಗುರುತು ಹಾಕಿಕೊಂಡರು. ಲೆಕ್ಕ ಹಾಕಿದಾಗ ರೂಢಿ ನೆಲೆಗೊಳ್ಳಲು ಬೇಕಾಗುವ ಕಾಲ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ, 18 ದಿನದಿಂದ 254 ದಿನದವರೆಗೆ ಹರಡಿತ್ತು. ನಡುಮಧ್ಯದ ಬೆಲೆ 66 ದಿನ. ನಮ್ಮಲ್ಲಿ ವ್ರತಕ್ಕೆ ನಲವತ್ತೆಂಟು ದಿನಗಳ ಮಂಡಲವನ್ನು ವಿಧಿಸುವುದುಂಟು. ಓದಿನ ವ್ರತ ಹಿಡಿಯುವವರು ಇನ್ನೂ ಹದಿನೆಂಟು ದಿನ ಹೆಚ್ಚಾಗಿಯೇ ಇಟ್ಟುಕೊಳ್ಳುವುದು ಕ್ಷೇಮ!

ಈ ಪ್ರಯೋಗದ ಎರಡು ಅಂಶಗಳು ಮನಸ್ಸಿನಲ್ಲಿಡತಕ್ಕವು. ಒಂದು, ರೂಢಿ ಏರುವ ರೇಖೆ ನೇರವಲ್ಲ. ಒಲೆಯಿಂದ ಇಳಿಸಿದ ಬಿಸಿನೀರು ಮೊದಲು ಬೇಗಬೇಗನೆ ಆರಿ, ಅನಂತರ ನಿಧಾನವಾಗಿ ಆರುವಂತೆ, ಮೊದಲ ದಿನಗಳ ಒಂದೊಂದು ಆವೃತ್ತಿಯೂ ಹೆಚ್ಚು ಫಲ ಕೊಡುವುದು. ಹೋಗುತ್ತ ಹೋಗುತ್ತ ಏರಿಕೆ ಸಣ್ಣದಾಗುವುದು. ಆದ್ದರಿಂದ ಮೊದಲ ಮೂರು ನಾಲ್ಕು ವಾರಗಳನ್ನು ಜತನವಾಗಿ ಕಾಯಬೇಕು. ಎರಡು, ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ರೂಢಿಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಊರ ಹಬ್ಬಕ್ಕೋ ನೆಂಟರ ಮದುವೆಗೋ ಹೋಗಿ ಒಂದು ದಿನ ಓದು ತಪ್ಪಿತೆಂದು “ವ್ರತಭಂಗವಾಯಿತು” ಎಂದು ಪುಸ್ತಕವನ್ನು ಅಟ್ಟಕ್ಕೆ ಏರಿಸಬೇಕಾಗಿಲ್ಲ. ಮಾರನೆಯ ದಿನ ಮತ್ತೆ ಕುಳಿತರಾಯಿತು.

ಹೊರಡುವ ಕಷ್ಟ

ನೆಲದ ಮೇಲಿರುವ ಭಾರವಾದ ಪೆಟ್ಟಿಗೆಯನ್ನು ತಳ್ಳಿದವರಿಗೆಲ್ಲ ಒಂದು ಅನುಭವವುಂಟು. ಅದು ಅಲುಗುವ ತನಕ ಬಹಳ ಬಲ ಬೇಕು. ಅಲುಗಿದ ಮೇಲೆ ಅಷ್ಟು ಬಲ ಬೇಡ. ಭೌತಶಾಸ್ತ್ರದಲ್ಲಿ ಇದನ್ನು ಸ್ಥಿತಿಘರ್ಷಣೆಯು ಚಲನಘರ್ಷಣೆಗಿಂತ ಹೆಚ್ಚು ಎಂದು ಹೇಳುವೆವು. ಓದಿನಲ್ಲಿಯೂ ಕಷ್ಟವಿರುವುದು ಎಂಟನೆಯ ಪುಟದಲ್ಲಲ್ಲ, ಪುಸ್ತಕವನ್ನು ಕೈಗೆತ್ತಿಕೊಳ್ಳುವ ಆ ಒಂದು ಕ್ಷಣದಲ್ಲಿ. ಜಾಣತನವಿರುವುದು ಬಲವನ್ನು ಹೆಚ್ಚಿಸುವುದರಲ್ಲಲ್ಲ, ಘರ್ಷಣೆಯನ್ನು ಕಡಿಮೆ ಮಾಡುವುದರಲ್ಲಿ. ಬೀರುವಿನೊಳಗೆ ಬೀಗ ಹಾಕಿಟ್ಟ ಪುಸ್ತಕಕ್ಕೆ ಘರ್ಷಣೆ ಹೆಚ್ಚು. ಕೂರುವ ಜಾಗದಲ್ಲಿಯೇ ಗುರುತಿನ ದಾರ ಹಾಕಿ ಇಟ್ಟ ಪುಸ್ತಕಕ್ಕೆ ಕಡಿಮೆ. ಮೊಬೈಲು ಫೋನಿನ ಶಕ್ತಿಯ ಗುಟ್ಟೂ ಇದೇ: ಅದು ಸದಾ ಅಂಗೈಯಲ್ಲಿರುವುದರಿಂದ ಅದಕ್ಕೆ ಘರ್ಷಣೆಯೇ ಇಲ್ಲ. ಓದುವ ಅರ್ಧ ಗಂಟೆ ಅದನ್ನು ಪಕ್ಕದ ಕೋಣೆಯಲ್ಲಿಟ್ಟರೆ ನ್ಯಾಯ ಸಮನಾಗುವುದು.

ಇನ್ನು ಹೊತ್ತಿನ ಮಾತು. ಹೊಸ ರೂಢಿಯನ್ನು ಹಳೆಯ ರೂಢಿಯೊಂದರ ಬಾಲಕ್ಕೆ ಗಂಟುಹಾಕುವುದು ಉತ್ತಮ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ದೀಪ ಹಚ್ಚಿ ಊಟವಾದ ಮೇಲೆ ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಸೇರಿ ಕುಮಾರವ್ಯಾಸ ಭಾರತವನ್ನೂ ಜೈಮಿನಿ ಭಾರತವನ್ನೂ ಓದಿಸಿ ಕೇಳುವ ಪದ್ಧತಿ ಹಳ್ಳಿಗಳಲ್ಲಿತ್ತು. ಒಬ್ಬರು ಓದುವರು, ಒಬ್ಬರು ಅರ್ಥ ಹೇಳುವರು, ಅಕ್ಷರವರಿಯದವರೂ ಕೇಳಿ ಬಲ್ಲವರಾಗುವರು. ಹೊತ್ತು ಗೊತ್ತು, ಜಾಗ ಗೊತ್ತು, ಬರುವವರು ಗೊತ್ತು. ಯಾರೂ ಪ್ರತಿದಿನ ಹೊಸದಾಗಿ ಮನಸ್ಸು ಮಾಡಬೇಕಾಗಿರಲಿಲ್ಲ. ದೊಡ್ಡ ಗ್ರಂಥವನ್ನು ದಿನಗಳಿಗೆ ಹಂಚಿಕೊಳ್ಳುವ ಉಪಾಯವೂ ಹೊಸದಲ್ಲ. ಏಳು ದಿನದ ಸಪ್ತಾಹ, ಒಂಬತ್ತು ದಿನದ ನವಾಹ ಎಂದು ಪಾರಾಯಣಕ್ಕೆ ಕಟ್ಟು ಹಾಕಿದವರು ಇಂದಿನ ಮನಶ್ಶಾಸ್ತ್ರಜ್ಞರು ಹೇಳುವುದನ್ನೇ ಆಚರಣೆಯಲ್ಲಿ ತೋರಿಸಿದ್ದರು.

ಇಂದು ಜಗಲಿಯಿಲ್ಲದ ಮನೆಗಳೇ ಹೆಚ್ಚು. ಆದರೆ ಡೇರಿಗೆ ಹಾಲು ಹಾಕಿ ಬಂದ ಮೇಲಿನ ಹೊತ್ತು ಇದ್ದೇ ಇದೆ. ಮಗ್ಗ ನಿಲ್ಲಿಸಿ ಕೈಕಾಲು ತೊಳೆದ ಮೇಲಿನ ಹೊತ್ತು ಇದೆ. ನೆಲಮಂಗಲದಿಂದಲೋ ಹೊಸಕೋಟೆಯಿಂದಲೋ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಬಸ್ಸು ಕಾಯುವ ಹೊತ್ತು ಇದೆ. ಇವುಗಳಲ್ಲಿ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಬೇಕು.

ಎಂಟು ಪುಟದ ಲೆಕ್ಕ

ಎಷ್ಟು ಓದಬೇಕು? ದಿನಕ್ಕೆ ಎಂಟು ಪುಟ ಎಂದು ಇಟ್ಟುಕೊಳ್ಳೋಣ. ಪುಟಕ್ಕೆ ಮೂರು ನಿಮಿಷವೆಂದರೂ 24 ನಿಮಿಷ. ಅರ್ಧ ಗಂಟೆಯೊಳಗೇ ಮುಗಿಯಿತು. 66 ದಿನಕ್ಕೆ 528 ಪುಟ. ವರ್ಷಕ್ಕೆ 2,920 ಪುಟ. 240 ಪುಟದ ಪುಸ್ತಕಗಳಾದರೆ ವರ್ಷಕ್ಕೆ ಹನ್ನೆರಡು. ಹತ್ತು ವರ್ಷದಲ್ಲಿ ನೂರಿಪ್ಪತ್ತು ಪುಸ್ತಕ. ಒಂದು ಬೀರು ತುಂಬುವಷ್ಟು. ಶಿವರಾಮ ಕಾರಂತರು ಕನ್ನಡಿಗರಿಗಾಗಿ ಒಬ್ಬರೇ ಬರೆದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ನೋಡಿ ಹೆದರುವವರು ಈ ಲೆಕ್ಕವನ್ನು ಒಮ್ಮೆ ಹಾಕಿನೋಡಬೇಕು. ಮಗ್ಗದಲ್ಲಿ ಲಾಳಿ ಒಂದು ಸಲ ಓಡಿದರೆ ಬಟ್ಟೆ ಬೆಳೆದದ್ದು ಕಣ್ಣಿಗೆ ಕಾಣದು. ಸಂಜೆಗೆ ನೋಡಿದರೆ ಸೀರೆಯ ಮೊಳ ಬೆಳೆದಿರುತ್ತದೆ. ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂಟು ಹೆಚ್ಚೆನಿಸಿದರೆ ನಾಲ್ಕು; ನಾಲ್ಕೂ ಹೆಚ್ಚೆನಿಸಿದರೆ ಎರಡು. ಆದರೆ ಮೊದಲ ದಿನದ ಉತ್ಸಾಹದಲ್ಲಿ ಎಂಬತ್ತು ಪುಟ ಓದಿ ಎರಡನೆಯ ದಿನ ಸುಸ್ತಾಗುವುದು ಬೇಡ. ಯಾವ ಪುಸ್ತಕ ಎಂಬ ಪ್ರಶ್ನೆಗೆ ನಮ್ಮ ಉತ್ತರ ಸರಳ: ಮೊದಲು ನಿಮಗೆ ರುಚಿಸುವುದು. ಪತ್ತೇದಾರಿಯೋ, ಬೇಟೆಯ ಕತೆಯೋ, ರೇಷ್ಮೆಹುಳು ಸಾಕುವ ಕೈಪಿಡಿಯೋ, ಯಾವುದಾದರೂ ಸರಿ. ಕಣ್ಣು ಮನಸ್ಸುಗಳು ಪಳಗಿದ ಮೇಲೆ ಗಟ್ಟಿಯಾದದ್ದನ್ನು ಕಡಿಯಬಹುದು.

ಬೆಳಕು, ಕಣ್ಣು, ನೆನಪು

ಬೇಗ ದಣಿಯುವವರು ಮೊದಲು ದೀಪವನ್ನು ಪರೀಕ್ಷಿಸಲಿ. ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕಿಳಿಯುತ್ತದೆ. ಎರಡು ಮೀಟರು ಎತ್ತರದ ಸೂರಿನ ದೀಪದ ಬದಲು ಒಂದು ಮೀಟರು ದೂರದಲ್ಲಿ ಅಂಥದೇ ದೀಪವಿಟ್ಟರೆ ಪುಟದ ಮೇಲೆ ಬೀಳುವ ಬೆಳಕು ನಾಲ್ಮಡಿ. ಹೆಚ್ಚು ವಿದ್ಯುತ್ತು ಬೇಕಿಲ್ಲ, ಕುರ್ಚಿ ಸರಿಸಿದರೆ ಸಾಕು. ಪುಸ್ತಕವನ್ನು ಒಂದು ಮೊಳಕ್ಕೆ ತುಸು ಕಡಿಮೆ ದೂರದಲ್ಲಿ ಹಿಡಿದು, ನಡುನಡುವೆ ಕಿಟಕಿಯಾಚೆ ದೂರದ ಮರವನ್ನೋ ಬೆಟ್ಟವನ್ನೋ ನೋಡಬೇಕು. ಹತ್ತಿರದ ನೋಟಕ್ಕಾಗಿ ಬಿಗಿದುಕೊಂಡಿದ್ದ ಕಣ್ಣಿನೊಳಗಿನ ಸ್ನಾಯು ಆಗ ಸಡಿಲವಾಗಿ ವಿಶ್ರಾಂತಿ ಪಡೆಯುತ್ತದೆ. ನಲವತ್ತರ ಸುಮಾರಿಗೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ‘ಚಾಳೀಸು’ ಎಂಬ ಮಾತೇ ನಲವತ್ತು ಎಂಬ ಅರ್ಥದ ಹಿಂದೂಸ್ಥಾನಿ ಶಬ್ದದಿಂದ ಬಂದದ್ದು. “ಈಚೆಗೆ ಓದಲು ಮನಸ್ಸೇ ಬಾರದು” ಎನ್ನುವ ಎಷ್ಟೋ ಹಿರಿಯರಿಗೆ ಬೇಕಾಗಿರುವುದು ಮನಸ್ಸಲ್ಲ, ಕನ್ನಡಕ.

“ಓದಿದ್ದೆಲ್ಲ ಮರೆತುಹೋಗುತ್ತದೆ, ಓದಿ ಏನು ಫಲ?” ಎನ್ನುವವರುಂಟು. ಮರೆವಿನ ನಿಯಮವನ್ನು ಮೊದಲು ಅಳೆದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಗಂಟೆ ಕಳೆದು, ದಿನ ಕಳೆದು ತನ್ನನ್ನೇ ಪರೀಕ್ಷಿಸಿಕೊಂಡು, 1885ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿವೇಗವಾಗಿದ್ದು, ಅನಂತರ ನಿಧಾನವಾಗುತ್ತದೆ. ದಿನಗಳ ಅಂತರ ಬಿಟ್ಟು ಮರುಕಳಿಸಿದ್ದು ಹೆಚ್ಚು ನಿಲ್ಲುತ್ತದೆ ಎಂದು ಅವನು ಕಂಡನು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ರೋಡಿಗರ್ ಮತ್ತು ಕಾರ್ಪಿಕ್ ಅವರ ಪ್ರಯೋಗಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ಮೇಲೆ ಹೆಚ್ಚು ಉಳಿಸಿಕೊಂಡಿದ್ದರು. ದಿನವೂ ಓದುವವನಿಗೆ ಈ ಲಾಭ ಸುಲಭವಾಗಿ ದೊರೆಯುವುದು. ಪುಸ್ತಕ ತೆರೆಯುವ ಮೊದಲು ಎರಡು ನಿಮಿಷ, ನೆನ್ನೆ ಓದಿದ್ದೇನೆಂದು ತನಗೆ ತಾನೇ ಹೇಳಿಕೊಂಡರೆ ಸಾಕು. ಮನೆಯಲ್ಲಿ ಕೇಳುವ ಕಿವಿಯಿದ್ದರೆ ಇನ್ನೂ ಒಳ್ಳೆಯದು.

ಪುಸ್ತಕ ಎಲ್ಲಿದೆ?

ಪುಸ್ತಕವನ್ನು ಓದುಗನ ಸಮೀಪಕ್ಕೆ ಒಯ್ಯಲು ನಮ್ಮ ಹಿಂದಿನವರು ಪಟ್ಟ ಶ್ರಮ ಸಣ್ಣದಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನೇ ಹೊರಡಿಸಿದರು. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿ ಬಾಳನ್ನು ಆರಂಭಿಸಿದವರು. ಗ್ರಂಥಗಳಿರುವುದು ಕಾಯ್ದಿಡುವುದಕ್ಕಲ್ಲ, ಬಳಕೆಗೆ ಎಂಬ ತತ್ತ್ವವನ್ನು ಅವರು 1931ರಲ್ಲಿ ಪ್ರತಿಪಾದಿಸಿದರು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಣ ಹಳ್ಳಿಗಳಿಗೆ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಪಯಣಿಸಿದವು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಶಾಸನ ರೂಪುಗೊಂಡದ್ದು 1965ರಲ್ಲಿ.

ಆ ಶಾಸನದಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸಂದಾಯವಾಗುತ್ತದೆ. ಎಂದರೆ ಓದಲಿ ಬಿಡಲಿ, ತೆರಿಗೆ ಕಟ್ಟುವ ಪ್ರತಿಯೊಬ್ಬ ಗೃಹಸ್ಥನೂ ಪುಸ್ತಕದ ಬೆಲೆಯಲ್ಲಿ ತನ್ನ ಪಾಲನ್ನು ಆಗಲೇ ತೆತ್ತಿದ್ದಾನೆ! ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಮಕ್ಕಳನ್ನು ಅವುಗಳ ಸದಸ್ಯರನ್ನಾಗಿ ಮಾಡಿಕೊಳ್ಳುವ ಕೆಲಸ ಆರಂಭವಾಯಿತು. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಬೇಕು. ಮಗುವನ್ನು ಅಲ್ಲಿಗೆ ಕಳುಹಿಸಿ ತಾವು ಹೊರಗೆ ನಿಲ್ಲುವ ತಂದೆತಾಯಿಗಳಿಗೆ ನಮ್ಮದೊಂದು ಬಿನ್ನಹ: ತಾವೂ ಒಳಗೆ ಬನ್ನಿ. “ಓದು, ಓದು” ಎಂದು ದಿನವೂ ಗದರಿಸುವುದಕ್ಕಿಂತ, ಮನೆಯಲ್ಲಿ ಹಿರಿಯರೊಬ್ಬರು ಅರ್ಧ ಗಂಟೆ ಸುಮ್ಮನೆ ಕುಳಿತು ಓದುವುದು ಮಗುವಿಗೆ ಹೆಚ್ಚಿನದನ್ನು ಕಲಿಸುವುದು.

ಓದುಗರು ಇಂದೇ ಆರಂಭಿಸಬಹುದು. ಒಂದು ಹೊತ್ತು, ಒಂದು ಜಾಗ, ಒಂದು ಪುಸ್ತಕವನ್ನು ಗೊತ್ತುಮಾಡಿಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಓದಿದ ದಿನಕ್ಕೊಂದು ಗುರುತು ಹಾಕಿ. ತಪ್ಪಿದ ದಿನಕ್ಕೆ ಕೊರಗದೆ ಮಾರನೆಯ ದಿನ ಮುಂದುವರಿಸಿ. ಅರುವತ್ತಾರು ಗುರುತುಗಳಾಗುವ ಹೊತ್ತಿಗೆ, ಓದದೆ ಮಲಗಿದ ರಾತ್ರಿ ಏನೋ ಮರೆತಂತೆ ಅನ್ನಿಸತೊಡಗಿದರೆ, ಕಾಲುದಾರಿ ಮೂಡಿತೆಂದು ತಿಳಿಯಿರಿ.